ಜಟಿಂಗ ರಾಮೇಶ್ವರವೂ ರಾಮಕಥೆಯ ಪ್ರಾಮಾಣ್ಯವೂ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ರಾಂಪುರದ ಸೀಮೆಗೆ ಸೇರಿದ ಜಟಿಂಗ ರಾಮೇಶ್ವರ ಬೆಟ್ಟವು ಜಟಾಯುವು ರಾವಣನೊಡನೆ ಕಾದಿ ಬಿದ್ದ ಸ್ಥಳವೆಂದು ಅಲ್ಲಿನ ಐತಿಹ್ಯವು ಸಾರುತ್ತದೆ. ಬೆಟ್ಟದ ಹೆಸರೂ ಜಟಾಯುವಿನಿಂದಲೇ ಬಂದುದೆಂದು ಜನರ ನಂಬಿಕೆ. ಈ ಐತಿಹ್ಯಕ್ಕೆ ರಾಮಾಯಣದಲ್ಲಿ ಸ್ಥಾನವುಂಟೆ ಎಂಬ ಪ್ರಶ್ನೆಯು ಒಂದು ಬೆಟ್ಟಕ್ಕೆ ಮಾತ್ರ ಸಂಬಂಧಪಟ್ಟುದಲ್ಲ. ಪ್ರಮಾಣಭೂತವಾದ ರಾಮಕಥೆ ಯಾವುದು, ಅದನ್ನು ನಿರ್ಣಯಿಸುವ ಬಗೆಯೆಂತು ಎಂಬುದೇ ಇಲ್ಲಿ ವಿಚಾರಣೀಯವಾಗಿದೆ.

ಮೊದಲು ವಾಲ್ಮೀಕಿಯ ಮಾತನ್ನು ನೋಡತಕ್ಕುದು. ಅರಣ್ಯಕಾಂಡದಲ್ಲಿ ರಾಮಲಕ್ಷ್ಮಣರು ಜಟಾಯುವನ್ನು ದಹಿಸಿ, ಗೋದಾವರಿಗೆ ಹೋಗಿ ಉದಕದಾನ ಮಾಡುತ್ತಾರೆ. ಅಲ್ಲಿಂದ ಮುಂದೆ ಕ್ರೌಂಚಾರಣ್ಯ, ಕಬಂಧವಧೆ. ಆ ಬಳಿಕವೇ ಪಂಪಾಸರೋವರ. ಹಂಪೆಯೇ ಪಂಪಾಕ್ಷೇತ್ರವೆಂದು ಕನ್ನಡಿಗರು ಬಹುಕಾಲದಿಂದ ಒಪ್ಪಿದ್ದಾರೆ. ಜಟಿಂಗ ರಾಮೇಶ್ವರವಾದರೋ ಹಂಪೆಯ ದಕ್ಷಿಣಕ್ಕಿದೆ. ಬಡಗಣಿಂದ ಬರುವ ರಾಮನು ಪಂಪೆಯನ್ನು ದಾಟಿ ಬಂದು ಜಟಾಯುವನ್ನು ಕಂಡು, ಮರಳಿ ಪಂಪೆಗೆ ಹೋದನೆಂದು ಹೇಳಬೇಕಾಗುತ್ತದೆ. ರಾವಣನು ಆಕಾಶಮಾರ್ಗದಲ್ಲಿ ಬಹುದೂರ ಬಂದಿದ್ದನೆಂಬ ಸಮಾಧಾನವೂ ನಿಲ್ಲದು; ಏಕೆಂದರೆ ಸೀತೆಯು ವಾನರರ ನಡುವೆ ಆಭರಣಗಳನ್ನು ಎಸೆದುದು ಜಟಾಯುವು ಬಿದ್ದ ಮೇಲೆ. ಹೀಗಿರಲು ಹಂಪೆಯ ಐತಿಹ್ಯವನ್ನೂ ಈ ಬೆಟ್ಟದ ಐತಿಹ್ಯವನ್ನೂ ವಾಲ್ಮೀಕಿಗೆ ಅವಿರುದ್ಧವಾಗಿ ಒಟ್ಟಿಗೆ ಉಳಿಸಿಕೊಳ್ಳಲಾಗದು.

ಪ್ರತಿಸ್ಪರ್ಧಿಗಳೂ ಕಡಮೆಯಿಲ್ಲ. ಆಂಧ್ರದ ಲೇಪಾಕ್ಷಿ, ಕೇರಳದ ಚಡಯಮಂಗಲ, ತಮಿಳುನಾಡಿನ ವೈದೀಶ್ವರನ್ ಕೋಯಿಲ್, ಇವೆಲ್ಲವೂ ಜಟಾಯುವನ್ನು ತಮ್ಮವನೆನ್ನುತ್ತವೆ. ಕಲ್ಪಭೇದದಿಂದ ಎಲ್ಲವೂ ಸತ್ಯವೆಂದು ಪೌರಾಣಿಕರು ಹೇಳುವುದುಂಟು. ಅದು ಭಕ್ತರ ಮನಸ್ಸನ್ನು ಸಂತೈಸಬಹುದಲ್ಲದೆ ವಿವಾದವನ್ನು ತೀರಿಸದು. ಎಲ್ಲ ವಿರೋಧಕ್ಕೂ ಒಂದೇ ಮದ್ದಾದ ವಾದವು ಯಾವ ವಿರೋಧಕ್ಕೂ ಮದ್ದಲ್ಲ. ಮೀಮಾಂಸಕರ ಕ್ರಮ ಇದಕ್ಕಿಂತ ಕಠಿಣವಾದುದು: ಶ್ರುತಿವಿರೋಧವಿದ್ದಲ್ಲಿ ಸ್ಮೃತಿಯು ಅನಾದರಣೀಯ, ವಿರೋಧವಿಲ್ಲದಲ್ಲಿ ಮಾತ್ರ ಮೂಲವನ್ನು ಊಹಿಸಬಹುದು. ಹೋಲಾಕಾಧಿಕರಣದಲ್ಲಿಯೂ ಒಂದು ದೇಶದವರ ಆಚಾರದಿಂದ ಊಹಿಸಿದ ಶ್ರುತಿಯು ಆ ದೇಶಕ್ಕೆ ಮಾತ್ರ ಸೀಮಿತವಾಗಲಾರದೆಂದು ನಿರ್ಣಯಿಸಿದ್ದಾರೆ. ಅವು ಧರ್ಮವಿಷಯಕವಾದ ಅಧಿಕರಣಗಳು, ಕಥಾವಿಷಯಕವಲ್ಲವೆಂಬುದು ನಿಜ. ನ್ಯಾಯ ಮಾತ್ರ ಇಲ್ಲಿಗೂ ಸಲ್ಲುತ್ತದೆ.

ಆದರೆ ವಾಲ್ಮೀಕಿಯ ಪಾಠವೇ ಏಕರೂಪವಾಗಿಲ್ಲವಲ್ಲ ಎಂಬ ಆಕ್ಷೇಪವು ಬಲವಾದುದು. ಬಡೋದೆಯ ಪ್ರಾಚ್ಯವಿದ್ಯಾಸಂಸ್ಥೆಯು 1960ರಿಂದ 1975ರವರೆಗೆ ಪ್ರಕಟಿಸಿದ ಪರಿಷ್ಕರಣದಲ್ಲಿ, ಪ್ರಸಿದ್ಧವಾದ 24,000 ಶ್ಲೋಕಗಳ ಸಂಖ್ಯೆಯು 19,000ಕ್ಕಿಂತಲೂ ಕೆಳಗಿಳಿಯಿತು. ಉತ್ತರಕಾಂಡವು ಈಚಿನದೆಂದು ಅನೇಕ ವಿದ್ವಾಂಸರು ಎಣಿಸಿದ್ದರೂ ಸಂಪಾದಕರು ಅದನ್ನು ಕೈಬಿಡಲಿಲ್ಲ. ಕೈಬಿಡದೆ ಇದ್ದುದೇ ಸರಿ. ಹಸ್ತಪ್ರತಿಗಳು ಸಾಕ್ಷಿ ಹೇಳುವುದನ್ನು ರುಚಿಯ ಬಲದಿಂದ ಅಳಿಸುವುದು ಸಂಪಾದಕನ ಕೆಲಸವಲ್ಲ.

ಕನ್ನಡದಲ್ಲಿ ಪ್ರಶ್ನೆಯು ಇನ್ನೂ ತೊಡಕಾಗುತ್ತದೆ. ನಾಗಚಂದ್ರನ ರಾಮಚಂದ್ರಚರಿತಪುರಾಣದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ವಾನರರು ಕಪಿಗಳಲ್ಲ, ವಿದ್ಯಾಧರರು. ಇದನ್ನು ವಾಲ್ಮೀಕಿಯ ವಿಕಾರವೆಂದು ತಳ್ಳುವುದು ಅನ್ಯಾಯ. ವಿಮಲಸೂರಿಯ ಪಉಮಚರಿಯದಿಂದ ಮೊದಲಾಗಿ ಜೈನರಿಗೆ ಬೇರೆ ಪರಂಪರೆಯೇ ಉಂಟು. ರೂಢಿಯ ಕಥೆಯಲ್ಲಿ ನಂಬಲರಿದಾದುವನ್ನು ಎತ್ತಿ ತೋರಿಸಿಯೇ ಆ ಕವಿಯು ತನ್ನ ಕಥೆಯನ್ನು ತೊಡಗುತ್ತಾನೆ. ತೊರವೆಯ ನರಹರಿಯಾದರೋ ಕುಮಾರವಾಲ್ಮೀಕಿಯೆಂಬ ಹೆಸರಿನಿಂದಲೇ ತಾನು ಯಾರ ಪಕ್ಷವೆಂಬುದನ್ನು ತಿಳಿಸಿದ್ದಾನೆ. ಆದುದರಿಂದ ನಾಗಚಂದ್ರನನ್ನು ಜೈನ ಪರಂಪರೆಯಿಂದಲೂ ತೊರವೆಯ ಕವಿಯನ್ನು ವಾಲ್ಮೀಕಿಯಿಂದಲೂ ಅಳೆಯಬೇಕು. ಒಬ್ಬನ ಕೋಲಿನಿಂದ ಇನ್ನೊಬ್ಬನನ್ನಲ್ಲ.

ಸ್ಥಳಪುರಾಣಕ್ಕೆ ಇಂತಹ ಪ್ರತ್ಯೇಕ ಪರಂಪರೆಯಿಲ್ಲ. ಅದು ವಾಲ್ಮೀಕಿಯ ಕಥೆಯನ್ನೇ ಆಶ್ರಯಿಸಿ ಅವನ ಕ್ರಮವನ್ನೇ ಮೀರುತ್ತದೆ. ಆದಕಾರಣ ಅದು ಜಟಾಯುವಿನ ವಿಷಯದಲ್ಲಿ ಪ್ರಮಾಣವಲ್ಲ. ರಾಮಕಥೆಯು ಈ ಸೀಮೆಯಲ್ಲಿ ಬೇರೂರಿದುದಕ್ಕೆ ಮಾತ್ರ ಪ್ರಮಾಣ. ಎಂದು ಬೇರೂರಿತೆಂಬುದಕ್ಕೆ ಬೆಟ್ಟದ ಅತ್ಯಂತ ಹಳೆಯ ಬರಹವು ಸಹಾಯ ಮಾಡದು. 1892ರಲ್ಲಿ ರೈಸ್ ಸಾಹೇಬರು ಬ್ರಹ್ಮಗಿರಿ, ಸಿದ್ದಾಪುರಗಳೊಡನೆ ಇಲ್ಲಿಯೂ ಅಶೋಕನ ಶಾಸನವನ್ನು ಕಂಡುಹಿಡಿದರು. ಅದರಲ್ಲಿ ರಾಮನ ಹೆಸರೂ ಇಲ್ಲ, ಹಕ್ಕಿಯ ಹೆಸರೂ ಇಲ್ಲ.