ನೆರೆ ಬೇಸಾಯ (ಸೊರಬ–ಶಿಕಾರಿಪುರ)

ಮಳೆಗಾಲದಲ್ಲಿ ಹೊಳೆ ಉಕ್ಕಿ ನೀರು ನಿಲ್ಲುವ ತಗ್ಗು ಗದ್ದೆಗಳಲ್ಲಿ, ಆ ನೀರಿಗೆ ಒಗ್ಗಿದ ಭತ್ತ ಬೆಳೆಯುವ ಪದ್ಧತಿ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ವರದಾ, ದಂಡಾವತಿ ದಂಡೆಗಳು ಇದರ ನೆಲೆ. ಪಕ್ಕದಲ್ಲೇ ಕುಮುದ್ವತಿ ಹರಿಯುವ ಶಿಕಾರಿಪುರ ಅರೆಮಲೆನಾಡು. ಅಲ್ಲಿನ ಹಳೆಯ ಚಿಂತೆ ಬಂದ ನೀರನ್ನು ಹಿಡಿದಿಡುವುದು. ಆ ತಾಲ್ಲೂಕಿನ ತಾಳಗುಂದದ 5ನೆಯ ಶತಮಾನದ ಸ್ತಂಭಶಾಸನ ಕದಂಬ ಕಾಕುತ್ಸ್ಥವರ್ಮ ದೇವಾಲಯಕ್ಕೆ ಕೆರೆ ಕಟ್ಟಿಸಿದ್ದನ್ನು ದಾಖಲಿಸುತ್ತದೆ. ಕದಂಬ ವಂಶದ ಮೂಲಪುರುಷ ಮಯೂರಶರ್ಮನ ಕಥೆಗಾಗಿ ಅದನ್ನು ಓದುವವರು ಕೆರೆಯನ್ನೇ ಮರೆಯುತ್ತಾರೆ.

ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟುವ ವರದೆ ಬನವಾಸಿಯನ್ನು ಬಳಸಿ, ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಪುಷ್ಯ, ಆಶ್ಲೇಷ ಮಳೆ ಹಿಡಿದರೆ ದಂಡೆಯ ಗದ್ದೆಗಳಿಗೆ ನೀರೇರಿ ದಿನಗಟ್ಟಲೆ ನಿಲ್ಲುತ್ತದೆ; ಇಳಿಯುವಾಗ ಮೆಕ್ಕಲು ಬಿಟ್ಟು ಹೋಗುತ್ತದೆ.

ಈ ನೀರಿಗೆಂದೇ ರೈತರು ಉಳಿಸಿಕೊಂಡ ಬೀಜಗಳು ನೆರೆಗುಳಿ, ಕರಿಜಡ್ಡು, ನೆರೆಬಂಕು. ಹೊಳೆ ಏರುವಷ್ಟರಲ್ಲಿ ಪೈರಿನ ಬುಡ ಬಲಿತಿರಬೇಕು, ಆದ್ದರಿಂದ ಮುಂಗಾರಿನ ಮೊದಲಿಗೇ ಬಿತ್ತನೆ. ನೆರೆ ಇಳಿದ ಗದ್ದೆಯಲ್ಲಿ ಕೆಸರು ಮೆತ್ತಿದ ಕೊಳೆಹುಲ್ಲಷ್ಟೇ ಕಾಣುತ್ತದೆ. ಕೆಲವು ದಿನ ಕಳೆದರೆ ಅದೇ ಬುಡದಿಂದ ಹಸಿರು ಸುಳಿ ಏಳುತ್ತದೆ. ಒಡಿಶಾದ ನಾಟಿ ತಳಿಯೊಂದರ ಇಂಥದೇ ಗುಣವನ್ನು ಸೇರಿಸಿ ರೂಪಿಸಿದ ಸ್ವರ್ಣ-ಸಬ್1 ಭತ್ತ ಭಾರತದಲ್ಲಿ 2009ರಲ್ಲಿ ಬಿಡುಗಡೆಯಾಯಿತು; ಅದು ಸುಮಾರು ಎರಡು ವಾರ ಮುಳುಗಡೆ ತಾಳುತ್ತದೆ.

ನಾಟಿ ಭತ್ತದ ಇಳುವರಿ ಕಡಿಮೆ. ಹೆಚ್ಚು ಇಳುವರಿಯ ತಳಿಗಳು, ಬಳಿಕ ಶುಂಠಿ, ಅಡಿಕೆ, ಮೆಕ್ಕೆಜೋಳ ಬಂದಂತೆ ನೆರೆಯ ಲೆಕ್ಕವೂ ಬದಲಾಯಿತು. ನೆರೆಗುಳಿ ತಾಳುವ ನೀರಿನಲ್ಲಿ ಶುಂಠಿಗೆ ಗಡ್ಡೆಕೊಳೆ. 2019ರ ಆಗಸ್ಟ್‌ನಂಥ ದೊಡ್ಡ ನೆರೆಯಲ್ಲಿ ಭತ್ತದವರಿಗೂ ನಷ್ಟ ತಪ್ಪದು, ಆದರೆ ಸಾಲ ಮಾಡಿ ಶುಂಠಿ ಹಾಕಿದವರ ಪೆಟ್ಟು ಬೇರೆಯೇ. ಕೇಂದ್ರದ ವಿಪತ್ತು ಪರಿಹಾರ ನಿಯಮದಂತೆ ಬೆಳೆ ಶೇ. 33ಕ್ಕಿಂತ ಕಡಿಮೆ ಹಾಳಾದರೆ ಪರಿಹಾರವಿಲ್ಲ. 2022ರ ಪರಿಷ್ಕರಣೆಯಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ ನಿಗದಿಯಾಯಿತು. ಪರಿಹಾರದ ಅರ್ಜಿಯಲ್ಲಿ ನಷ್ಟಕ್ಕೆ ಮಾತ್ರ ಕಲಮು. ಮೆಕ್ಕಲು, ಮೀನು, ತುಂಬಿದ ಕೆರೆಗಳನ್ನು ಯಾರೂ ಬರೆದುಕೊಳ್ಳುವುದಿಲ್ಲ.

ಮೀನಿನ ಪಾಲು ಸಿಗುವುದು ಬೇಸಿಗೆಯಲ್ಲಿ. ನೀರು ತಗ್ಗಿದ ಕೆರೆಯಲ್ಲಿ ಸೊರಬ, ಸಾಗರದ ಹಳ್ಳಿಗಳವರು ಕೆರೆಬೇಟೆ ಆಡುತ್ತಾರೆ. ಬಿದಿರಿನ ಕೂಣಿ ಹಿಡಿದು ನೂರಾರು ಜನ ಒಮ್ಮೆಲೇ ಇಳಿಯುತ್ತಾರೆ. ಕೂಣಿಗೆ ತಳವಿಲ್ಲ, ಕೆಸರಿಗೆ ಊರಿ, ಒಳಗೆ ಮೀನು ಬಡಿದಾಡಿದರೆ ಮೇಲಿನ ಬಾಯಿಂದ ಕೈ ಹಾಕಿ ತೆಗೆಯುವುದು.