ಸರ್ಕಾರಿ ಎಂಜಿನಿಯರರ ವರದಿಗಳು ಮತ್ತು ಖಾಸಗಿ ಪತ್ರಗಳು (19ನೇ ಶತಮಾನ)

19ನೇ ಶತಮಾನದ ಕನ್ನಡ ನಾಡಿನಲ್ಲಿ ಸರ್ಕಾರಿ ಕಟ್ಟಡ, ಕೆರೆ, ರಸ್ತೆಗಳ ಹೊಣೆ ಹೊತ್ತವರಲ್ಲಿ ಹೆಚ್ಚಿನವರು ಸೈನ್ಯದಿಂದ ಬಂದವರು. ಮೈಸೂರಿನಲ್ಲಿ ಲೋಕೋಪಯೋಗಿ ಇಲಾಖೆ ಶುರುವಾದದ್ದು 1856ರಲ್ಲಿ, ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದಾಗ. ಬೆಂಗಳೂರಿನ ಅಠಾರಾ ಕಚೇರಿಯನ್ನು ಕಟ್ಟಿಸಿದ ರಿಚರ್ಡ್ ಸ್ಯಾಂಕಿ ಮುಂದೆ ಇದರ ಮುಖ್ಯ ಎಂಜಿನಿಯರ್ ಆದರು.

ಸ್ಯಾಂಕಿ 1866ರಲ್ಲಿ ಬರೆದ ಟಿಪ್ಪಣಿ ಪ್ರಸಿದ್ಧ. ಸಂಸ್ಥಾನದ 27,269 ಚದರ ಮೈಲಿಯಲ್ಲಿ ಸುಮಾರು ಶೇ. 60 ಭಾಗವನ್ನು ಜನ ಕೆರೆಗಳ ಸರಣಿಗೆ ಒಳಪಡಿಸಿದ್ದಾರೆ, ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂಬುದು ಅದರ ಸಾರ. ಮಳೆ ಕಡಿಮೆಯ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯನ್ನು ಬಲ್ಲವರಿಗೆ ಈ ಮೆಚ್ಚುಗೆಯ ತೂಕ ಗೊತ್ತು. ಅದೇ ಸೀಮೆಯ ನಾಯಕನಹಟ್ಟಿಯ ಸುತ್ತಲಿನ ಕೆರೆಗಳನ್ನು ಸಂತ ತಿಪ್ಪೇರುದ್ರಸ್ವಾಮಿ ಕಟ್ಟಿಸಿದರೆಂದು ಜನ ಇಂದಿಗೂ ನೆನೆಯುತ್ತಾರೆ. ಇಲಾಖೆಯ ವರದಿಗೆ ಕೆರೆಯ ಲೆಕ್ಕ ಬೇಕಿತ್ತು, ಕಟ್ಟಿದವರ ಹೆಸರಲ್ಲ.

ವರದಿಯಲ್ಲಿ ಕಾಣದ ಮನುಷ್ಯ ಪತ್ರಗಳಲ್ಲಿ ಸಿಗುತ್ತಾನೆ. ಇದಕ್ಕೆ ನಮ್ಮಲ್ಲಿರುವ ಒಳ್ಳೆಯ ಉದಾಹರಣೆ ಫಿಲಿಪ್ ಮೆಡೋಸ್ ಟೇಲರ್ (1808–1876). ಎಂಜಿನಿಯರ್ ಹುದ್ದೆಯವರಲ್ಲ, ನಿಜಾಮರ ಸೇವೆಯಲ್ಲಿದ್ದು 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡವರು. ಮೋಜಣಿ, ಕಟ್ಟಡದ ಕೆಲಸಗಳನ್ನು ತಾವೇ ಕಲಿತು ಅಲ್ಲಿ ಟೇಲರ್ ಮಂಜಿಲ್ ಎಂಬ ಬಂಗಲೆ ಕಟ್ಟಿಸಿದರು. ಇಂಗ್ಲೆಂಡಿನಲ್ಲಿದ್ದ ಬಂಧು ಹೆನ್ರಿ ರೀವ್‌ಗೆ ಅವರು ಬರೆದ ಕಾಗದಗಳನ್ನು ಪ್ಯಾಟ್ರಿಕ್ ಕ್ಯಾಡೆಲ್ ಸಂಪಾದಿಸಿ 1947ರಲ್ಲಿ ಪ್ರಕಟಿಸಿದರು. ಆಳುವ ಕೆಲಸವನ್ನು ಒಳಗಿನಿಂದ ಕಂಡವನ ಬರಹವೆಂದೇ ಅವುಗಳಿಗೆ ಬೆಲೆ.

ಟೇಲರ್ ಹೆಸರು ಮೊಳಕಾಲ್ಮುರಿಗೂ ತಳಕು ಹಾಕಿಕೊಂಡಿದೆ. ಸುರಪುರ ಸೀಮೆಯ ಕಲ್ಲುಗೋರಿಗಳನ್ನು ಅಗೆಸಿ, ಮಣ್ಣಿನ ಪದರಗಳ ಸೀಳುನೋಟವನ್ನು ಅವರು ಚಿತ್ರಿಸಿಟ್ಟರು. ಅಂಥದೇ ಗೋರಿಗಳು ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಅಡಿಯಲ್ಲೂ ಇವೆ: ಸುತ್ತ ಗುಂಡುಗಳ ವೃತ್ತ, ನಡುವೆ ನೆಲದೊಳಗೆ ಕಣಶಿಲೆಯ ಚಪ್ಪಡಿಗಳ ಪೆಟ್ಟಿಗೆ, ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಮೈಸೂರಿನ ಎಂ. ಎಚ್. ಕೃಷ್ಣ ಮೊದಲು ಅಗೆಸಿದ್ದ ಈ ನೆಲೆಯಲ್ಲಿ ಮಾರ್ಟಿಮರ್ ವ್ಹೀಲರ್ ಉತ್ಖನನ ನಡೆಸಿದ್ದು, ಟೇಲರ್ ಪತ್ರಗಳು ಅಚ್ಚಾದ 1947ರಲ್ಲೇ. ನೂರು ವರ್ಷ ಹಿಂದಿನ ಟೇಲರ್ ಚಿತ್ರಗಳನ್ನು ವ್ಹೀಲರ್ ಮುಂದೆ ತಮ್ಮ ಪುಸ್ತಕದಲ್ಲಿ ಮೆಚ್ಚಿ ಬರೆದರು.

ಅಧಿಕಾರಿಗಳ ಕಾಗದ ಉಳಿದಂತೆ ಒಡ್ಡು ಹಾಕಿದವರ ಕಾಗದ ಉಳಿದಿಲ್ಲ. ಅವರ ಮಟ್ಟಿಗೆ ಆಧಾರ ಕಲ್ಲೇ. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಶಾಸನಗಳು ಬಿ. ಎಲ್. ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟದಲ್ಲಿವೆ. ಸ್ಯಾಂಕಿಯ ಟಿಪ್ಪಣಿಯನ್ನು ಅದರ ಜೊತೆಗಿಟ್ಟೇ ಓದಬೇಕು.