ಯಾರೊಡನೆ ಹೋಲಿಸಿ? ಕಲಿಕೆಯಿಂದ ಮಿದುಳು ಬೆಳೆಯುತ್ತದೆಂಬ ವಾದದ ಚರಿತ್ರೆ

ಕಲಿತಷ್ಟೂ ಮಿದುಳು ಬೆಳೆಯುತ್ತದೆ ಎಂಬ ಮಾತು ಈಗ ಶಿಕ್ಷಕರ ತರಬೇತಿಯಲ್ಲೂ ಜಾಹೀರಾತುಗಳಲ್ಲೂ ಸಲೀಸಾಗಿ ಓಡಾಡುತ್ತಿದೆ. ಇದು ಇತ್ತೀಚಿನ ಶೋಧ, ಅದಕ್ಕೆ ಮೊದಲು ವಿಜ್ಞಾನಿಗಳೆಲ್ಲ ಮಿದುಳು ಬದಲಾಗದ ವಸ್ತುವೆಂದೇ ನಂಬಿದ್ದರು ಎನ್ನುವುದೂ ವಾಡಿಕೆ. ದಾಖಲೆಗಳ ಮುಂದೆ ಈ ನಿರೂಪಣೆ ನಿಲ್ಲುವುದಿಲ್ಲ. ಕಲ್ಪನೆಗೆ ಇನ್ನೂರು ವರ್ಷ ಮೀರಿದ ವಯಸ್ಸಿದೆ. ತಡವಾಗಿ ಬಂದದ್ದು ಅದನ್ನು ಒರೆಗೆ ಹಚ್ಚುವ ಬಗೆ. ಬೆಳೆದಿದೆ ಎನ್ನುವವರು ಯಾವುದರೊಡನೆ ಹೋಲಿಸಿ ಹಾಗೆನ್ನುತ್ತಾರೆ ಎಂಬ ಪ್ರಶ್ನೆ ಬಿಗಿಯಾದಂತೆಲ್ಲ ಈ ವಾದದ ವ್ಯಾಪ್ತಿ ಕುಗ್ಗುತ್ತ ಬಂತು, ಬಲ ಮಾತ್ರ ಹೆಚ್ಚುತ್ತ ಹೋಯಿತು. ಇಲ್ಲಿ ತೋರಿಸಹೊರಟಿರುವುದು ಅದನ್ನೇ.

ಇಟಲಿಯ ಅಂಗರಚನಾಶಾಸ್ತ್ರಜ್ಞ ಮಿಕೆಲೆ ವಿನ್ಚೆನ್ಜೊ ಮಾಲಕಾರ್ನೆ 18ನೇ ಶತಮಾನದ ಕೊನೆಯಲ್ಲಿ ಒಂದೇ ಸೂಲಿನ ಎರಡು ನಾಯಿಗಳನ್ನೂ ಒಂದೇ ಗೂಡಿನ ಹಕ್ಕಿಗಳ ಜೋಡಿಗಳನ್ನೂ ಆರಿಸಿಕೊಂಡ. ಪ್ರತಿ ಜೋಡಿಯಲ್ಲಿ ಒಂದನ್ನು ದೀರ್ಘಕಾಲ ಪಳಗಿಸಿ, ಇನ್ನೊಂದನ್ನು ಹಾಗೆಯೇ ಬಿಟ್ಟ. ಕೊನೆಗೆ ಕೊಯ್ದು ನೋಡಿದಾಗ ಪಳಗಿದ ಪ್ರಾಣಿಯ ಕಿರುಮಿದುಳಿನಲ್ಲಿ ಮಡಿಕೆಗಳು ಹೆಚ್ಚಿದ್ದುವೆಂದು ವರದಿಯಾಯಿತು. ಬೆರಳೆಣಿಕೆಯ ಪ್ರಾಣಿಗಳಿಂದ ಬಂದ ಈ ಫಲಿತಾಂಶವನ್ನು ಇಂದು ಯಾರೂ ಪುರಾವೆಯೆಂದು ಒಪ್ಪುವುದಿಲ್ಲ. ಆದರೆ ಹುಟ್ಟಿನಿಂದ ಬಂದದ್ದನ್ನೂ ಕಲಿಕೆಯಿಂದ ಬಂದದ್ದನ್ನೂ ಬೇರ್ಪಡಿಸಲು ಒಡಹುಟ್ಟಿದವನ್ನೇ ಎದುರುಬದುರು ಇಟ್ಟ ಯೋಚನೆ ಎಷ್ಟು ಮುಂದಿತ್ತೆಂದರೆ, ಮುಂದಿನ ಶತಮಾನದ ಪಾಲ್ ಬ್ರೋಕಾ ಕೂಡ ಅಲ್ಲಿಗೆ ಮುಟ್ಟಲಿಲ್ಲ. ಆತ ಪ್ಯಾರಿಸ್ಸಿನಲ್ಲಿ ವೈದ್ಯ ವಿದ್ಯಾರ್ಥಿಗಳ ತಲೆಗಳನ್ನೂ ಆಸ್ಪತ್ರೆಯ ಪರಿಚಾರಕರ ತಲೆಗಳನ್ನೂ ಅಳೆದು, ವ್ಯತ್ಯಾಸವನ್ನು ಶಿಕ್ಷಣದ ಲೆಕ್ಕಕ್ಕೆ ಬರೆದ. ಮನೆತನ, ಬಾಲ್ಯದ ಊಟ, ಓದಿಗೆ ಯಾರಿಗೆ ಅವಕಾಶ ಸಿಕ್ಕಿತೆಂಬುದು ಯಾವುದೂ ಆ ಲೆಕ್ಕದಲ್ಲಿ ಸೇರಲಿಲ್ಲ.

1894ರಲ್ಲಿ ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಉಪನ್ಯಾಸ ಕೊಟ್ಟು, ಮಾನಸಿಕ ಅಭ್ಯಾಸದಿಂದ ಹೆಚ್ಚುವುದು ನರಕೋಶಗಳ ಸಂಖ್ಯೆಯಲ್ಲ, ಅವುಗಳ ಕವಲು ಮತ್ತು ಕೊಂಡಿ ಎಂದು ಸೂಚಿಸಿದ. ಮುಂದೆ ಅವನೇ ವಯಸ್ಕ ಮಿದುಳಿನ ನರಮಾರ್ಗಗಳು ಸ್ಥಿರವೆಂದು ಬರೆದದ್ದು ಹೆಚ್ಚು ಪ್ರಸಿದ್ಧವಾಯಿತು. ಎರಡನೆಯ ಮಾತು ಬಂದದ್ದು ಗಾಯಗೊಂಡ ನರಗಳು ಮರಳಿ ಬೆಳೆಯುವವೇ ಎಂಬ ಚರ್ಚೆಯಲ್ಲಿ. ಕಲಿಕೆಯ ಪ್ರಶ್ನೆಗೂ ಅದನ್ನೇ ಉತ್ತರವಾಗಿ ಓದಿಕೊಂಡದ್ದು ನಂತರದವರ ಅವಸರ ಎಂದೇ ನನಗೆ ತೋರುತ್ತದೆ.

ಊಹೆಗೆ ತೂಕ ಬಂದದ್ದು ಅಕ್ಷರಶಃ ತಕ್ಕಡಿಯಿಂದ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ರೋಸೆನ್‌ಜ್ವೈಗ್, ಡೇವಿಡ್ ಕ್ರೆಚ್ ಮತ್ತು ಎಡ್ವರ್ಡ್ ಬೆನೆಟ್ ಇಲಿಗಳ ಮಿದುಳಿನ ಒಂದು ಕಿಣ್ವಕ್ಕೂ ಕಲಿಕೆಗೂ ಇರುವ ನಂಟನ್ನು ಹುಡುಕುತ್ತಿದ್ದರು. ಕಿಣ್ವದ ಪ್ರಮಾಣ ಹೇಳಬೇಕಾದರೆ ಅಂಗಾಂಶದ ತೂಕ ಬೇಕು. ಆ ತೂಕಗಳೇ ಗುಂಪಿನಿಂದ ಗುಂಪಿಗೆ ಬೇರೆಯಾಗಿರುವುದು ಕಣ್ಣಿಗೆ ಬಿತ್ತು. ಒಂದೇ ಸೂಲಿನ ಇಲಿಮರಿಗಳನ್ನು ಹಾಲು ಬಿಟ್ಟೊಡನೆ ಬೇರ್ಪಡಿಸಿ, ಕೆಲವನ್ನು ದಿನದಿನವೂ ಬದಲಾಗುವ ಆಟಿಕೆಗಳಿದ್ದ ದೊಡ್ಡ ಪಂಜರದಲ್ಲಿ ಗುಂಪಾಗಿ, ಕೆಲವನ್ನು ಒಂಟಿಯಾಗಿ ಸುಮಾರು 80 ದಿನ ಇಡಲಾಗಿತ್ತು. ಮೊದಲ ಗುಂಪಿನಲ್ಲಿ ಮಿದುಳಿನ ಹೊರಪದರ ಸುಮಾರು ಶೇ. 4ರಷ್ಟು ಭಾರವಾಗಿತ್ತು. ಮೇರಿಯನ್ ಡೈಮಂಡ್ ಸೂಕ್ಷ್ಮದರ್ಶಕದಲ್ಲಿ ಅಳೆದಾಗ ಪದರದ ದಪ್ಪವೂ ಹೆಚ್ಚಿತ್ತು. 1964ರಲ್ಲಿ ಇದು ಪ್ರಕಟವಾಯಿತು. ಬೆಳೆದ ಇಲಿಗಳ ಮೇಲೂ ಪ್ರಯೋಗ ನಡೆದು, ಬದಲಾವಣೆ ಎಳೆಯ ವಯಸ್ಸಿಗಷ್ಟೇ ಮೀಸಲಲ್ಲವೆಂದು ತಿಳಿಯಿತು.

ಆಕ್ಷೇಪಗಳು ಏಳಲೇಬೇಕಿತ್ತು, ಎದ್ದವು. ಮೊದಲನೆಯದು: ಬರಿ ಪಂಜರ ಇಲಿಯ ಸಹಜ ಬದುಕಲ್ಲ, ಹಾಗಿದ್ದ ಮೇಲೆ ಕಂಡದ್ದು ಬೆಳವಣಿಗೆಯೋ, ಎದುರು ಗುಂಪಿನ ಸೊರಗುವಿಕೆಯೋ? ಬರ್ಕ್ಲಿಯವರು ಬಯಲಿನಲ್ಲಿ ಇಲಿಗಳು ಮಣ್ಣು ತೋಡಿ ಬದುಕಬಲ್ಲ ಆವರಣ ಕಟ್ಟಿ ನೋಡಿದರು. ಅಲ್ಲಿದ್ದ ಇಲಿಗಳ ಮಿದುಳು ಆಟಿಕೆ ಪಂಜರದವನ್ನೂ ಮೀರಿಸಿತು. ಅಂದರೆ ಆಕ್ಷೇಪದಲ್ಲಿ ಹುರುಳಿತ್ತು: ‘ಸಮೃದ್ಧ’ ಎಂದು ಕರೆದ ಆಟಿಕೆ ಪಂಜರ ಕೂಡ ಸಹಜಕ್ಕಿಂತ ಬಡವಾಗಿತ್ತು. ಅನುಭವ ಮಿದುಳನ್ನು ಬದಲಿಸುತ್ತದೆಂಬ ಮೂಲ ಮಾತಿಗೆ ಇದರಿಂದ ಧಕ್ಕೆಯಾಗಲಿಲ್ಲ. ಆದರೆ ಸಾಮಾನ್ಯ ಬದುಕಿಗೆ ಆಟಿಕೆ ಸೇರಿಸಿದರೆ ಮಿದುಳು ಹಿಗ್ಗುತ್ತದೆಂದು ಮಕ್ಕಳ ತಾಯ್ತಂದೆಯರಿಗೆ ಹೇಳುವ ಅಧಿಕಾರ ಮಾತ್ರ ಈ ಪ್ರಯೋಗಗಳಿಂದ ಹುಟ್ಟುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಮೊನಚಾದುದು. ಕಾರಣ ಕಲಿಕೆಯೋ, ಬರಿಯ ಓಡಾಟವೋ? ಇಲಿನಾಯ್ ವಿಶ್ವವಿದ್ಯಾಲಯದ ವಿಲಿಯಂ ಗ್ರೀನೊ ಮತ್ತು ಸಂಗಡಿಗರು 1990ರಲ್ಲಿ ಇದಕ್ಕೆ ಕೊಟ್ಟ ಉತ್ತರ ಈ ಚರಿತ್ರೆಯಲ್ಲೇ ಅತ್ಯಂತ ಅಚ್ಚುಕಟ್ಟಾದುದು. ಕೆಲವು ಇಲಿಗಳು ಅಡೆತಡೆಗಳ ದಾರಿಯಲ್ಲಿ ಸಮತೋಲ ಕಾಯ್ದುಕೊಳ್ಳಲು ಕಲಿತವು; ಕೆಲವು ಚಕ್ರದಲ್ಲೋ ಚಲಿಸುವ ಪಟ್ಟಿಯ ಮೇಲೋ ಓಡಿದವು; ಉಳಿದವು ಸುಮ್ಮನಿದ್ದವು. ಓಡಿದವುಗಳ ಕಿರುಮಿದುಳಿನಲ್ಲಿ ಸೂಕ್ಷ್ಮ ರಕ್ತನಾಳಗಳು ದಟ್ಟವಾದವು, ನರಸಂಧಿಗಳು ಹೆಚ್ಚಲಿಲ್ಲ. ಕಲಿತವುಗಳಲ್ಲಿ ನರಸಂಧಿಗಳೇ ಹೆಚ್ಚಿದವು. ಮಿದುಳನ್ನು ಸ್ನಾಯುವಿಗೆ ಹೋಲಿಸುವ ಜನಪ್ರಿಯ ಮಾತು ಎಡವುವುದು ಇಲ್ಲೇ: ಸ್ನಾಯುವಿಗೆ ಗೊತ್ತಿರುವ ಭಾರವನ್ನೇ ಎತ್ತುತ್ತಿದ್ದರೂ ನಡೆದೀತು, ಇಲ್ಲಿ ಗೊತ್ತಿರುವುದನ್ನೇ ಮಾಡುವ ಶ್ರಮ ರಕ್ತದ ಹರಿವಿಗೆ ದಾರಿ ಮಾಡಿತಷ್ಟೇ.

ಮನುಷ್ಯರಲ್ಲಿ ಮಿದುಳನ್ನು ಕೊಯ್ದು ನೋಡುವಂತಿಲ್ಲ; ಎಂಆರ್‌ಐ ಚಿತ್ರಗಳನ್ನೇ ನೆಚ್ಚಬೇಕು. ಎಲಿನರ್ ಮಗ್ವೈರ್ ತಂಡ 2000ದಲ್ಲಿ ಲಂಡನ್ನಿನ 16 ಟ್ಯಾಕ್ಸಿ ಚಾಲಕರಲ್ಲಿ, ದಾರಿಯ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ಸಿನ ಹಿಂಭಾಗ ದೊಡ್ಡದಿರುವುದನ್ನು ಕಂಡಿತು. ಮುಂಭಾಗ ಚಿಕ್ಕದಿತ್ತು ಎಂಬುದನ್ನು ಪತ್ರಿಕೆಗಳು ಅಷ್ಟಾಗಿ ಹೇಳಲಿಲ್ಲ. ದಟ್ಟಣೆಯಲ್ಲಿ ವಾಹನ ಓಡಿಸುವುದೇ ಕಾರಣವಿರಬಹುದೆಂಬ ಸಂಶಯಕ್ಕೆ 2006ರಲ್ಲಿ, ಗೊತ್ತಾದ ಮಾರ್ಗದಲ್ಲೇ ಓಡುವ ಬಸ್ ಚಾಲಕರೊಡನೆ ಹೋಲಿಸಿ ಉತ್ತರಿಸಲಾಯಿತು. ದೊಡ್ಡ ಹಿಪೊಕ್ಯಾಂಪಸ್ ಇದ್ದವರೇ ಈ ವೃತ್ತಿಗೆ ಬರುತ್ತಾರೇನೋ ಎಂಬ ಶಂಕೆ ಆಗಲೂ ಉಳಿದಿತ್ತು. 2011ರ ಅಧ್ಯಯನ 79 ಅಭ್ಯರ್ಥಿಗಳನ್ನು ತರಬೇತಿಯ ಆರಂಭದಲ್ಲೇ ಹಿಡಿಯಿತು. ಆಗ ಅವರಲ್ಲಿ ವ್ಯತ್ಯಾಸವಿರಲಿಲ್ಲ. ಮೂರು-ನಾಲ್ಕು ವರ್ಷಗಳ ಬಳಿಕ ತೇರ್ಗಡೆಯಾದ 39 ಮಂದಿಯಲ್ಲಿ ಹಿಂಭಾಗ ಹೆಚ್ಚಿತ್ತು, ತೇರ್ಗಡೆಯಾಗದವರಲ್ಲಿ ಹೆಚ್ಚಿರಲಿಲ್ಲ. ಗೆದ್ದವರು ವಾರಕ್ಕೆ ಸುಮಾರು ದುಪ್ಪಟ್ಟು ಹೊತ್ತು ಅಭ್ಯಾಸ ಮಾಡಿದ್ದರು. ಅವರ ಮಿದುಳೇ ಹುಟ್ಟಿನಿಂದ ಹೆಚ್ಚು ಮಾರ್ಪಡಬಲ್ಲದಾಗಿತ್ತೇ ಎಂಬ ಪ್ರಶ್ನೆಗೆ ಈ ವಿನ್ಯಾಸದಲ್ಲಿ ಉತ್ತರವಿಲ್ಲ. 2016ರಲ್ಲಿ ಜೇಮ್ಸ್ ಹಾರ್ಟ್‌ಜೆಲ್ ಮತ್ತು ಸಂಗಡಿಗರು ಭಾರತದ 21 ಯಜುರ್ವೇದ ಪಂಡಿತರ ಮಿದುಳಿನಲ್ಲಿ ಹಲವು ಭಾಗಗಳು ಹಿಗ್ಗಿರುವುದನ್ನು ವರದಿ ಮಾಡಿದಾಗ, ನಮ್ಮಲ್ಲಿ ಅದು ಸಂಸ್ಕೃತದ ಮಹಿಮೆಯಾಗಿ ಹರಡಿತು. ಆದರೆ ಆ ಪಂಡಿತರನ್ನು ಪಾಠಶಾಲೆಗೆ ಸೇರುವ ಮುನ್ನ ಯಾರೂ ಅಳೆದಿರಲಿಲ್ಲ. ಬೇರೆ ಭಾಷೆಯಲ್ಲಿ ಅಷ್ಟೇ ಬಾಯಿಪಾಠ ಮಾಡಿದವರನ್ನು ಪಕ್ಕದಲ್ಲಿ ನಿಲ್ಲಿಸಿರಲೂ ಇಲ್ಲ.

ಎಂಆರ್‌ಐಯಲ್ಲಿ ಕಾಣುವ ಹೆಚ್ಚಳವಾದರೂ ಏನು ಎಂಬುದು ಕೊನೆಯ ತಕರಾರು. 2004ರಲ್ಲಿ ಜರ್ಮನಿಯ ಸಂಶೋಧಕರು ಮೂರು ಚೆಂಡುಗಳ ಕೈಚಳಕ ಕಲಿಸಿದಾಗ ಮೂರು ತಿಂಗಳಲ್ಲಿ ಕಂಡ ಹಿಗ್ಗು, ಅಭ್ಯಾಸ ಬಿಟ್ಟ ಮೂರು ತಿಂಗಳಲ್ಲಿ ತಗ್ಗಿತ್ತು. ಹೊಸ ನರಕೋಶಗಳ ರಾಶಿ ಬಂದು ಹೋಗಲು ಇದು ತೀರ ಚಿಕ್ಕ ಅವಧಿ. 2011ರಲ್ಲಿ ಜೇಸನ್ ಲರ್ಚ್ ತಂಡ ಒಂದೇ ನೀರಿನ ತೊಟ್ಟಿಯಲ್ಲಿ ಚಿಟ್ಟಿಲಿಗಳನ್ನು ಐದು ದಿನ ಈಜಿಸಿತು. ಸುತ್ತಲ ಗುರುತುಗಳಿಂದ ಜಾಗ ಕಂಡುಹಿಡಿಯಲು ಕಲಿತವುಗಳಲ್ಲಿ ಹಿಪೊಕ್ಯಾಂಪಸ್ ಹಿಗ್ಗಿತು. ನೇರ ಸೂಚನೆ ಹಿಡಿದು ಸಾಗಲು ಕಲಿತವುಗಳಲ್ಲಿ ಹಿಗ್ಗಿದ್ದು ಮಿದುಳಿನ ಇನ್ನೊಂದು ಭಾಗವಾದ ಸ್ಟ್ರಯೇಟಮ್. ಈಜು ಎರಡು ಗುಂಪಿಗೂ ಒಂದೇ, ಕಲಿತದ್ದು ಬೇರೆ. ಕೊಯ್ದು ನೋಡಿದಾಗ ಆ ಹಿಗ್ಗು ನರಕೋಶಗಳ ಎಣಿಕೆಯೊಡನೆ ಹೊಂದಲಿಲ್ಲ. ನರತಂತುಗಳು ಚಿಗುರುವಾಗ ಕಾಣಿಸಿಕೊಳ್ಳುವ ಒಂದು ಪ್ರೋಟೀನಿನೊಡನೆ ಹೊಂದಿತು. ಟ್ಯಾಕ್ಸಿ ಚಾಲಕರ ಚಿತ್ರಗಳಿಗೂ ಇದೇ ಅರ್ಥ ಹೇಳುವುದು ಸದ್ಯಕ್ಕೆ ಅನುಮಾನಪ್ರಮಾಣ. ಪ್ರತ್ಯಕ್ಷವಿರುವುದು ಚಿಟ್ಟಿಲಿಗಳಲ್ಲಿ ಮಾತ್ರ.